ಕೆಟ್ಟದ್ದು ಕಾರ್ಡೋ, ಕಾರ್ಡಿನ ಚಾಲಕನೋ?

ಬಯಲುಸೀಮೆಯ ರೈತನಿಗೆ ಒಂದು ಸತ್ಯ ಚೆನ್ನಾಗಿ ಗೊತ್ತು. ಕರೆಂಟು ಪೂರ್ತಿ ಹೋದರೆ ಅಂಥ ಅಪಾಯವಿಲ್ಲ. ಪಂಪ್‌ಸೆಟ್ ಸುಮ್ಮನಾಗುತ್ತದೆ, ರೈತನೂ ಹೊಂಗೆ ಮರದ ನೆರಳಲ್ಲಿ ಟವೆಲ್ ಹಾಸುತ್ತಾನೆ. ಅರೆ ವೋಲ್ಟೇಜಿನಲ್ಲಿ ಬಂದು, ಹೋಗಿ, ಮತ್ತೆ ಬರುವ ಕರೆಂಟು ಇದೆಯಲ್ಲ, ಮೋಟಾರಿನ ವೈಂಡಿಂಗ್ ಸುಡುವುದು ಅದೇ. ಪೂರ್ತಿ ಕೆಟ್ಟದ್ದನ್ನು ಪತ್ತೆ ಹಚ್ಚಬಹುದು. ಆಗಾಗ ಕೆಡುವುದನ್ನು ಪತ್ತೆ ಹಚ್ಚುವುದು ಕಷ್ಟ. ರಿಪೇರಿಯವನು ಬಂದು ನೋಡುವ ಹೊತ್ತಿಗೆ ಅದು ಸರಿಯಾಗಿಯೇ ಓಡುತ್ತಿರುತ್ತದೆ!

ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ಕಥೆಯೂ ಇದೇ. ಹತ್ತು ನಿಮಿಷ ಸಂಪರ್ಕ ಇರುತ್ತದೆ, ಹನ್ನೊಂದನೆಯ ನಿಮಿಷಕ್ಕೆ ಹೋಗುತ್ತದೆ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಬರುತ್ತದೆ. ಹೀಗೆ ಕಾಡುವ ಯಂತ್ರವನ್ನು ಕೊನೆಗೆ ಜನ ‘ಕೆಟ್ಟಿದೆ’ ಎಂಬ ಒಂದೇ ಮಾತಿನಲ್ಲಿ ಮೂಲೆಗೆ ತಳ್ಳಿಬಿಡುತ್ತಾರೆ. ಕೆಟ್ಟದ್ದು ಯಾವುದು, ತಂತಿಯೋ, ಕಾರ್ಡೋ, ಕಾರ್ಡನ್ನು ನಡೆಸುವ ತಂತ್ರಾಂಶವೋ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆ ಹಳ್ಳಿಯ ಶಾಲೆಗಳಿಗೂ ಬಂದು ನಿಂತಿದೆ. ತುಮಕೂರು ಜಿಲ್ಲೆಯ ಉತ್ತರ ಭಾಗವನ್ನೇ ನೋಡಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಲ್ಲಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮ ಆರಂಭವಾದಾಗ, ತರಬೇತಿಗೆ ಹೋದ ಅನೇಕ ಮೇಷ್ಟ್ರುಗಳು ಉಬುಂಟು ಎಂಬ ಹೆಸರನ್ನು ಕೇಳಿದ್ದು ಅದೇ ಮೊದಲು. ಉಬುಂಟು ಎಂಬುದು ಲಿನಕ್ಸ್‌ನ ಒಂದು ರೂಪ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಹುಟ್ಟಿದ ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಜಾಡಿನಲ್ಲೇ, ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ 1991ರಲ್ಲಿ ಬರೆಯತೊಡಗಿದ್ದು ಈ ಲಿನಕ್ಸ್. ಇದಕ್ಕೆ ಬೆಲೆಯಿಲ್ಲ, ಹಂಚಿಕೊಳ್ಳಲು ತಡೆಯಿಲ್ಲ. ಬಿಚ್ಚಿ ನೋಡಲೂ ಅಡ್ಡಿಯಿಲ್ಲ.

ಬೆಲೆಯಿಲ್ಲ ಎಂದ ಮಾತ್ರಕ್ಕೆ ತಾಪತ್ರಯವಿಲ್ಲ ಎಂದಲ್ಲ. ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿ. ಇದು ಯಾವುದೋ ಒಂದು ನಿರ್ದಿಷ್ಟ ಶಾಲೆಯ ವರದಿಯಲ್ಲ. ಆದರೆ ಓದಿದ ಅನೇಕ ಶಿಕ್ಷಕರಿಗೆ ತಮ್ಮ ಶಾಲೆಯೇ ನೆನಪಾದರೆ ಆಶ್ಚರ್ಯವಿಲ್ಲ.

ಏಳನೇ ನಂಬರಿನ ಯಂತ್ರ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲೊಂದು ಪ್ರೌಢಶಾಲೆ. ಪ್ರಯೋಗಾಲಯದಲ್ಲಿ ಹತ್ತು ಕಂಪ್ಯೂಟರು. ಪ್ರಿಂಟರ್ ಇರುವುದು ಏಳನೇ ನಂಬರಿಗೆ. ಎನ್‌ಎಂಎಂಎಸ್ ಪರೀಕ್ಷೆಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಎಂಟನೇ ತರಗತಿಯ ಬಡ ಮಕ್ಕಳು ಬರೆಯುವ ಪರೀಕ್ಷೆ ಇದು. ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿಯಂತೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ನಾಲ್ಕು ವರ್ಷ ವಿದ್ಯಾರ್ಥಿವೇತನ. ಒಟ್ಟು 48,000. ಕೂಲಿಗೆ ಹೋಗುವ ತಾಯಿಯ ಮಗಳಿಗೆ ಓದು ನಿಲ್ಲದಿರಲು ಅಷ್ಟು ಸಾಕು.

ಅರ್ಧ ಅರ್ಜಿ ತುಂಬುವ ಹೊತ್ತಿಗೆ ಸಂಪರ್ಕ ಹೋಯಿತು. ಮತ್ತೆ ಹಚ್ಚಿದರು, ಬಂತು. ಮತ್ತೆ ಹೋಯಿತು.

“ಮೊನ್ನೆ ಅಂಗಡಿ ಹುಡುಗ ಬಂದು ನೋಡಿದ್ನಲ್ಲ ಮೇಡಂ, ಏನಂದ?” ಮುಖ್ಯ ಶಿಕ್ಷಕರು ಕೇಳಿದರು.

“ಕಾರ್ಡ್ ಹೋಗಿದೆ ಅಂದ ಸಾರ್. ಕಾರ್ಡು ಬೋರ್ಡಿನಲ್ಲೇ ಇದೆಯಂತೆ, ಪೂರ್ತಿ ಬೋರ್ಡೇ ಬದಲಾಯಿಸ್ಬೇಕಂತೆ.”

“ಅಷ್ಟು ದುಡ್ಡು ಎಲ್ಲಿಂದ ತರೋದು? ಈ ಲಿನಕ್ಸೇ ಸರಿಯಿಲ್ಲ ಬಿಡಿ. ತೆಗೆಸಿಬಿಡೋಣ.”

ಒಬ್ಬರ ತೀರ್ಪು ಕಾರ್ಡಿನ ಮೇಲೆ, ಇನ್ನೊಬ್ಬರದು ಲಿನಕ್ಸಿನ ಮೇಲೆ. ವಿಚಾರಣೆ ಮಾತ್ರ ನಡೆದಿಲ್ಲ.

ಇಲ್ಲಿ ವಿಜ್ಞಾನದ ಶಿಕ್ಷಕಿ ಮೊದಲು ಮಾಡಿದ ಕೆಲಸ ರಿಪೇರಿಯಲ್ಲ. ತಮ್ಮ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಯಂತ್ರಕ್ಕೆ ಸೇರಿಸಿ, ಫೋನಿನ ಇಂಟರ್‌ನೆಟ್ಟನ್ನು ಹಂಚಿಕೊಳ್ಳುವ ಆಯ್ಕೆಯನ್ನು ಒತ್ತಿದರು. ಲಿನಕ್ಸ್ ಫೋನನ್ನೇ ಒಂದು ನೆಟ್‌ವರ್ಕ್ ಕಾರ್ಡೆಂದು ಗುರುತಿಸಿತು. ಅರ್ಜಿ ಹೋಯಿತು, ಪ್ರತಿ ಮುದ್ರಣವಾಯಿತು. ಕೊನೆಯ ದಿನ ಪ್ರಯೋಗದ ದಿನವಲ್ಲ ಎಂಬುದು ಮೊದಲ ಪಾಠ. ಮಗುವಿನ ಕೆಲಸ ಮುಗಿಯಲಿ, ಆಮೇಲೆ ಯಂತ್ರದ ವಿಚಾರಣೆ.

ಗಮನಿಸಿ, ಈ ಪ್ರಥಮ ಚಿಕಿತ್ಸೆಯಲ್ಲೇ ಒಂದು ಪರೀಕ್ಷೆಯೂ ಆಗಿಹೋಗಿದೆ. ಫೋನಿನ ಮೂಲಕ ಅದೇ ಯಂತ್ರದಲ್ಲಿ ಅದೇ ಬ್ರೌಸರು ಒಂದು ಗಂಟೆ ತಡೆಯಿಲ್ಲದೆ ನಡೆಯಿತೆಂದರೆ, ಲಿನಕ್ಸ್ ಪೂರ್ತಿಯಾಗಿ ಕೆಟ್ಟಿಲ್ಲ. ದೋಷ ಕೆಳಗಿನ ಮೆಟ್ಟಿಲುಗಳಲ್ಲಿ ಎಲ್ಲೋ ಇದೆ: ಶಾಲೆಯ ಸಂಪರ್ಕ, ತಂತಿ, ಕಾರ್ಡು ಅಥವಾ ಕಾರ್ಡಿನ ಡ್ರೈವರ್. ಮುಖ್ಯ ಶಿಕ್ಷಕರ ತೀರ್ಪು ಅಲ್ಲಿಗೆ ಅರ್ಧ ಬಿದ್ದುಹೋಯಿತು.

ಡ್ರೈವರ್ ಎಂದರೆ ಯಾರು?

ಡ್ರೈವರ್ ಎಂದೊಡನೆ ನಮಗೆ ನೆನಪಾಗುವುದು ಬಸ್ಸಿನ ಚಾಲಕ. ಹೋಲಿಕೆ ತಪ್ಪೇನಲ್ಲ. ಪ್ರಯಾಣಿಕ ‘ಪಾವಗಡಕ್ಕೆ ಒಂದು ಟಿಕೆಟ್’ ಎನ್ನುತ್ತಾನೆ. ಕ್ಲಚ್ಚು ಎಲ್ಲಿದೆ, ಗೇರು ಹೇಗೆ ಬೀಳುತ್ತದೆ ಎಂಬುದು ಅವನಿಗೆ ಬೇಡ. ಅದು ಚಾಲಕನ ಪಾಡು. ಹಾಗೆಯೇ ಬ್ರೌಸರು ‘ಈ ಮಾಹಿತಿ ಕಳಿಸು’ ಎನ್ನುತ್ತದೆ. ಯಾವ ಚಿಪ್ಪಿನ ಯಾವ ಮನೆಯಲ್ಲಿ ಯಾವ ಸಂಖ್ಯೆ ಬರೆದರೆ ಮಾಹಿತಿ ತಂತಿಗೆ ಇಳಿಯುತ್ತದೆ ಎಂಬುದನ್ನು ಬಲ್ಲ ಪುಟ್ಟ ತಂತ್ರಾಂಶವೇ ಡ್ರೈವರ್.

ಕೆಲಸ ನಡೆಯುವ ರೀತಿ ಸೊಗಸಾಗಿದೆ. ತಂತಿಯಲ್ಲಿ ಬಂದ ಮಾಹಿತಿಯ ಪೊಟ್ಟಣಗಳನ್ನು ಕಾರ್ಡು ಕಂಪ್ಯೂಟರಿನ ಸ್ಮೃತಿಯಲ್ಲಿ ಮೀಸಲಿಟ್ಟ ಸಾಲುಮನೆಗಳಲ್ಲಿ ಇಟ್ಟು, ‘ಬಂದಿದೆ, ತೆಗೆದುಕೋ’ ಎಂದು ಒಂದು ಸಂಕೇತ ಕೊಡುತ್ತದೆ. ಇದಕ್ಕೆ ಇಂಟರಪ್ಟ್ ಎಂದು ಹೆಸರು. ಅಂಚೆಯವನು ಬಾಗಿಲ ಬಳಿ ಕಾಗದವಿಟ್ಟು ಗಂಟೆ ಬಾರಿಸಿದಂತೆ. ಡ್ರೈವರ್ ಎದ್ದು ಬಂದು ಪೊಟ್ಟಣಗಳನ್ನು ಒಳಗೊಯ್ಯುತ್ತದೆ, ಮನೆಗಳನ್ನು ಖಾಲಿ ಮಾಡಿಕೊಡುತ್ತದೆ. ಅಂಚೆಯವನು ಗಂಟೆ ಬಾರಿಸುವುದನ್ನು ಮರೆತರೆ? ಅಥವಾ ಮನೆಯವನು ಗಂಟೆಯ ಸದ್ದಿಗೆ ಏಳದಿದ್ದರೆ? ಕಾಗದ ಬಾಗಿಲಲ್ಲೇ ರಾಶಿ ಬೀಳುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಒಂದೇ: ನೆಟ್ ಇಲ್ಲ.

ಕಷ್ಟ ಇರುವುದು ಚಿಪ್ಪುಗಳ ವೈವಿಧ್ಯದಲ್ಲಿ. ಅಗ್ಗದ ಮದರ್‌ಬೋರ್ಡುಗಳಲ್ಲಿ ಬಹಳ ಸಾಮಾನ್ಯವಾಗಿರುವ ತೈವಾನಿನ ರಿಯಲ್‌ಟೆಕ್ ಕಂಪನಿಯ 8111, 8168 ಸರಣಿಯ ಚಿಪ್ಪುಗಳನ್ನೇ ತೆಗೆದುಕೊಳ್ಳಿ. ವರ್ಷ ವರ್ಷ ಒಳಗಿನ ರಚನೆ ಬದಲಾಗುತ್ತ ಬಂದರೂ ಹೊರಗೆ ಹೇಳಿಕೊಳ್ಳುವ ಗುರುತಿನ ಸಂಖ್ಯೆ ಒಂದೇ. ಒಂದೇ ಬಣ್ಣದ ಬಸ್ಸು, ಒಳಗೆ ಗೇರ್‌ಬಾಕ್ಸ್ ಮಾತ್ರ ಬೇರೆ ಬೇರೆ. ಲಿನಕ್ಸ್‌ನಲ್ಲಿ ಇವುಗಳನ್ನೆಲ್ಲ ನಡೆಸುವ ಡ್ರೈವರಿನ ಹೆಸರು ಆರ್8169. ಚಿಪ್ಪಿನ ಒಳಗಿನ ಒಂದು ಸಂಖ್ಯೆಯನ್ನು ಓದಿ ‘ಇದು ಯಾವ ತಲೆಮಾರಿನದು’ ಎಂದು ತಿಳಿದು, ಅದಕ್ಕೆ ತಕ್ಕಂತೆ ಅದು ನಡೆದುಕೊಳ್ಳಬೇಕು. ಒಂದು ತಲೆಮಾರಿಗೆ ಹಿಡಿಸಿದ ನಡೆ ಇನ್ನೊಂದಕ್ಕೆ ಹಿಡಿಸದೆ ಹೋಗುವುದುಂಟು. ಅದಕ್ಕೇ ಶಾಲೆಯಲ್ಲಿ ಒಂಬತ್ತು ಯಂತ್ರ ಚೆನ್ನಾಗಿದ್ದು ಒಂದು ಮಾತ್ರ ಕಾಡುವುದು ಅಸಾಧ್ಯವೇನಲ್ಲ.

ಹಾಗಾದರೆ ತಯಾರಕರೇ ಎಲ್ಲವನ್ನೂ ಬರೆದು ಕೊಡಬಾರದೇ? ಎಲ್ಲರೂ ಕೊಡುವುದಿಲ್ಲ, ಕೊಟ್ಟರೂ ಪೂರ್ತಿ ಕೊಡುವುದಿಲ್ಲ. ಲಿನಕ್ಸ್‌ನ ಮೊದಲ ವರ್ಷಗಳಲ್ಲಿ ಅಗ್ಗದ ಕಾರ್ಡುಗಳಿಗೆ ಒಂದಾದ ಮೇಲೊಂದು ಡ್ರೈವರ್ ಬರೆದ ಡೊನಾಲ್ಡ್ ಬೆಕರ್ ಎಂಬ ತಂತ್ರಜ್ಞರನ್ನು ಇಲ್ಲಿ ನೆನೆಯಬೇಕು. ಅಮೆರಿಕದ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ 1994ರಲ್ಲಿ ಅವರೂ ಥಾಮಸ್ ಸ್ಟರ್ಲಿಂಗ್ ಅವರೂ ಸೇರಿ 16 ಮಾಮೂಲಿ ಕಂಪ್ಯೂಟರುಗಳನ್ನು ಮಾಮೂಲಿ ಈಥರ್‌ನೆಟ್ ತಂತಿಯಿಂದ ಜೋಡಿಸಿ ‘ಬೇವುಲ್ಫ್’ ಎಂಬ ಗಣಕ ಸಮೂಹವನ್ನು ಕಟ್ಟಿದರು. ಕೋಟಿಗಟ್ಟಲೆ ಬೆಲೆಯ ಯಂತ್ರಗಳಿಗೆ ಮೀಸಲಾಗಿದ್ದ ಲೆಕ್ಕಗಳನ್ನು ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಮಾಡಬಹುದೆಂದು ಅದು ತೋರಿಸಿತು. ಆ ಸಮೂಹದ ಜೀವನಾಡಿ ಸೋವಿ ಕಾರ್ಡುಗಳು ಮತ್ತು ಅವುಗಳ ಡ್ರೈವರುಗಳೇ.

ಮೊದಲ ಸಾಕ್ಷಿ ತಂತಿ

ಈಗ ವಿಚಾರಣೆಗೆ ಬರೋಣ. ಶಾಲೆಯ ಪ್ರಯೋಗಾಲಯದಲ್ಲಿ ಹೇಳಿಕೊಡುವ ನಿಯಮವೇ ಇಲ್ಲಿಗೂ ಸಾಕು: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸು, ಫಲವನ್ನು ಬರೆದಿಡು.

ಮೊದಲ ಪ್ರಯೋಗಕ್ಕೆ ಯಾವ ಜ್ಞಾನವೂ ಬೇಡ. ಏಳನೇ ಯಂತ್ರದ ತಂತಿಯನ್ನು ಎಂಟನೆಯದಕ್ಕೆ, ಎಂಟನೆಯದನ್ನು ಏಳಕ್ಕೆ ಹಾಕಿ. ದೋಷ ತಂತಿಯ ಜೊತೆ ಎಂಟಕ್ಕೆ ಹೋಯಿತೋ, ಏಳರಲ್ಲೇ ಕುಳಿತಿತೋ? ಹೋದರೆ ತಪ್ಪು ತಂತಿಯದು ಅಥವಾ ಆ ತಂತಿಯ ಇನ್ನೊಂದು ತುದಿ ಇರುವ ಸ್ವಿಚ್ಚಿನ ಕಿಂಡಿಯದು. ಕುಳಿತರೆ ತಪ್ಪು ಯಂತ್ರದ್ದು.

ತಂತಿಯ ದೋಷ ತಮಾಷೆಯದಲ್ಲ. ಈಥರ್‌ನೆಟ್ ತಂತಿಯೊಳಗೆ ನಾಲ್ಕು ಜೋಡಿ ಎಳೆಗಳಿವೆ. ಸೆಕೆಂಡಿಗೆ 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು, 1000 ಮೆಗಾಬಿಟ್‌ಗೆ ನಾಲ್ಕೂ ಬೇಕು. ಶಿರಾದ ಕಡೆಯ ಒಂದು ಶಾಲೆಯಲ್ಲಿ ಇಲಿ ಒಂದು ಜೋಡಿಯನ್ನು ಕಡಿದಿದೆ ಎಂದಿಟ್ಟುಕೊಳ್ಳಿ. ಹಲವು ಕಾರ್ಡುಗಳು ಆಗ ಮಾತಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಎಳೆ ಪೂರ್ತಿ ತುಂಡಾಗದೆ ಒಂದಿಷ್ಟು ಅಂಟಿಕೊಂಡಿದ್ದರೆ ಇನ್ನೂ ಕಷ್ಟ. ಕಿಟಕಿಯಿಂದ ಗಾಳಿ ಬಂದು ತಂತಿ ಅಲುಗಾಡಿದಾಗಲೆಲ್ಲ ಸಂಪರ್ಕ ಹೋಗಿ ಬರುತ್ತದೆ. ತಂತಿಯ ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೂ ಇದೇ ಲಕ್ಷಣ. ಡ್ರೈವರನ್ನು ಹತ್ತು ಸಲ ಬದಲಾಯಿಸಿದರೂ ಇಲಿ ಕಡಿದ ತಂತಿ ಕೂಡುವುದಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ಸಾಕ್ಷಿಯನ್ನೂ ಕರೆಯಬೇಕು: ಭೂಮಿ. ಬಿಸಿಲನ್ನೇ ನಂಬಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದು ನಿಂತಿರುವ ತಾಲ್ಲೂಕು ಪಾವಗಡ. ಅಂಥ ಬಿಸಿಲಿಗೆ ಒಣಗಿದ ಮಣ್ಣು ವಿದ್ಯುತ್ತನ್ನು ಸರಾಗವಾಗಿ ಹರಿಯಬಿಡುವುದಿಲ್ಲ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿದ್ದರೂ ಬೇಸಿಗೆಯಲ್ಲಿ ನೀರು ಕಾಣದಿದ್ದರೆ ಅದು ಹೆಸರಿಗೆ ಮಾತ್ರ ಅರ್ಥಿಂಗ್. ಕಂಪ್ಯೂಟರಿನ ಡಬ್ಬಿ ಮುಟ್ಟಿದಾಗ ಹುಡುಗರು “ಜುಮ್ ಅಂತು ಮಿಸ್” ಎನ್ನುವುದು ಇದಕ್ಕೇ. ಒಳಗಿನ ವಿದ್ಯುತ್ ಪೂರೈಕೆಯ ಸೋಸುವ ಕೆಪಾಸಿಟರುಗಳಿಂದ ಸೋರಿದ ಅತಿ ಸಣ್ಣ ವಿದ್ಯುತ್ತಿಗೆ ಭೂಮಿಗಿಳಿಯಲು ದಾರಿಯಿಲ್ಲದೆ ಡಬ್ಬಿಯಲ್ಲೇ ನಿಂತಿರುತ್ತದೆ. ಈಥರ್‌ನೆಟ್ ಕಿಂಡಿಯ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರುಗಳ ರಕ್ಷಣೆ ಇರುವುದರಿಂದ ಇಷ್ಟಕ್ಕೇ ಕಾರ್ಡು ಸಾಯುವುದಿಲ್ಲ. ಆದರೆ ಮುಂಗಾರಿನ ಮೊದಲ ಸಿಡಿಲಿಗೆ ಸಾಯಬಹುದು. ಕಾರ್ಡು ನಿಜಕ್ಕೂ ಸತ್ತಿದ್ದರೆ ಹೊಸದನ್ನು ಹಾಕುವ ಮೊದಲು ಅರ್ಥಿಂಗ್ ಸರಿಪಡಿಸಬೇಕು. ಇಲ್ಲದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಯಂತ್ರವನ್ನೇ ಕೇಳಿ

ನಮ್ಮ ಶಾಲೆಯಲ್ಲಿ ದೋಷ ಏಳರಲ್ಲೇ ಕುಳಿತಿತು. ಈಗ ಯಂತ್ರದ ಬಾಯಿ ಬಿಡಿಸಬೇಕು. ಲಿನಕ್ಸ್‌ನ ಗುಣವೆಂದರೆ ಅದು ದಿನಚರಿ ಬರೆಯುತ್ತದೆ. ಟರ್ಮಿನಲ್ ಎಂಬ ಕಪ್ಪು ಕಿಟಕಿಯನ್ನು ತೆರೆದು, ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯನ್ನು ಸಣ್ಣಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು, ಅಡ್ಡಗೆರೆಯ ಜೊತೆ ಕೆ ಅಕ್ಷರ ಸೇರಿಸಿದರೆ, ಯಂತ್ರದಲ್ಲಿರುವ ಚಿಪ್ಪುಗಳ ಪಟ್ಟಿಯೂ ಪ್ರತಿಯೊಂದನ್ನೂ ಈಗ ನಡೆಸುತ್ತಿರುವ ಡ್ರೈವರಿನ ಹೆಸರೂ ಬರುತ್ತದೆ. ಈಥರ್‌ನೆಟ್ ಎಂಬ ಸಾಲಿನ ಕೆಳಗೆ ಡ್ರೈವರಿನ ಹೆಸರೇ ಇಲ್ಲದಿದ್ದರೆ, ಬಸ್ಸಿದೆ, ಚಾಲಕನಿಲ್ಲ ಎಂದರ್ಥ.

ಇನ್ನೊಂದು ಆಜ್ಞೆ ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರಗಳದು. ಈಚಿನ ಉಬುಂಟುಗಳಲ್ಲಿ ಇದರ ಹಿಂದೆ ಸುಡೊ ಎಂದು ಸೇರಿಸಿ ಗುಪ್ತಪದ ಕೊಡಬೇಕು. ಸಂಪರ್ಕ ಹೋದ ಕೂಡಲೇ, ಯಂತ್ರವನ್ನು ಆರಿಸುವ ಮೊದಲೇ, ಇದನ್ನು ಕೇಳಬೇಕು. ಕೊನೆಯ ಸಾಲುಗಳಲ್ಲಿ ಮೂರು ಬಗೆಯ ಮಾತುಗಳಲ್ಲಿ ಒಂದು ಇರುವ ಸಂಭವ ಹೆಚ್ಚು.

‘ಲಿಂಕ್ ಡೌನ್’, ‘ಲಿಂಕ್ ಅಪ್’ ಎಂದು ಮತ್ತೆ ಮತ್ತೆ ಇದ್ದರೆ ಮೊದಲು ತಂತಿ, ಕೊಂಡಿ, ಸ್ವಿಚ್ಚಿನ ಕಡೆ ನೋಡಿ. ‘ಫರ್ಮ್‌ವೇರ್’ ಕಡತ ಸಿಗಲಿಲ್ಲ ಎಂದಿದ್ದರೆ, ಚಿಪ್ಪಿಗೆ ಬೇಕಾದ ಒಂದು ಸಣ್ಣ ಕಡತ ಯಂತ್ರದಲ್ಲಿಲ್ಲ. ಲಿನಕ್ಸ್ ಫರ್ಮ್‌ವೇರ್ ಎಂಬ ಪೊಟ್ಟಣವನ್ನು ಹಾಕಿಕೊಳ್ಳಬೇಕು. ಮೂರನೆಯದು ‘ನೆಟ್‌ಡೆವ್ ವಾಚ್‌ಡಾಗ್’ ಎಂಬ ಹೆಸರಿನಲ್ಲಿ ಬರುವ ದೂರು. ವಾಚ್‌ಡಾಗ್ ಎಂದರೆ ಕಾವಲು ನಾಯಿ. ಕಳಿಸಲು ಕೊಟ್ಟ ಪೊಟ್ಟಣ ಕೆಲವು ಸೆಕೆಂಡು ಕಳೆದರೂ ಹೊರಡದಿದ್ದಾಗ ಈ ನಾಯಿ ಬೊಗಳುತ್ತದೆ, ಡ್ರೈವರ್ ಕಾರ್ಡನ್ನು ಹೊಸದಾಗಿ ಎಬ್ಬಿಸಲು ನೋಡುತ್ತದೆ. ಇದು ಕಂಡರೆ ಅನುಮಾನ ಕಾರ್ಡು ಮತ್ತು ಡ್ರೈವರಿನ ನಡುವಿನ ವ್ಯವಹಾರದ ಮೇಲೆ.

ಈಥ್‌ಟೂಲ್ ಎಂಬ ಸಾಧನವೂ ಉಪಯುಕ್ತ. ಕಾರ್ಡು ಯಾವ ವೇಗಕ್ಕೆ ಒಪ್ಪಿಕೊಂಡಿದೆ, ಎಷ್ಟು ಪೊಟ್ಟಣಗಳು ಹರಿದು ಬಂದಿವೆ ಎಂಬ ಲೆಕ್ಕವನ್ನು ಅದು ಕೊಡುತ್ತದೆ. ಸಿಆರ್‌ಸಿ ದೋಷಗಳ ಎಣಿಕೆ ಏರುತ್ತಿದ್ದರೆ ಮತ್ತೆ ತಂತಿಯನ್ನೇ ನೋಡಿ. ಆದರೆ ಇದನ್ನು ಮುಂಚೆಯೇ ಯಂತ್ರಕ್ಕೆ ಹಾಕಿಟ್ಟಿರಬೇಕು. ನೆಟ್ ಹೋದ ಮೇಲೆ ನೆಟ್‌ನಿಂದ ಇಳಿಸಿಕೊಳ್ಳುವುದು ಬಾವಿಗೆ ಬಿದ್ದ ಮೇಲೆ ಹಗ್ಗ ಹೊಸೆದಂತೆ!

ಏಳನೇ ಯಂತ್ರದಲ್ಲಿ ಬೊಗಳಿದ್ದು ಕಾವಲು ನಾಯಿ. ತೊಂದರೆ ಶುರುವಾದದ್ದು ಯಾವಾಗ ಎಂದು ಕೇಳಿದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ, “ಹೋದ ತಿಂಗಳು ಅಪ್‌ಡೇಟ್ ಮಾಡಿದ್ವಲ್ಲ ಮಿಸ್, ಆಮೇಲಿಂದ” ಎಂದ. ಒಳ್ಳೆಯ ಸುಳಿವು. ಉಬುಂಟುವಿನಲ್ಲಿ ಡ್ರೈವರುಗಳು ಬಹುಪಾಲು ಕರ್ನೆಲ್ ಎಂಬ ಮೂಲಭಾಗದ ಜೊತೆಗೇ ಬರುತ್ತವೆ. ಕರ್ನೆಲ್ ಬದಲಾದರೆ ಡ್ರೈವರೂ ಬದಲಾಗುತ್ತದೆ. ಸುದೈವದಿಂದ ಹಳೆಯ ಕರ್ನೆಲ್ಲನ್ನು ಅದು ಒಡನೆ ಅಳಿಸುವುದಿಲ್ಲ. ಯಂತ್ರ ಶುರುವಾಗುವಾಗ ಬರುವ ಪಟ್ಟಿಯಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಆರಿಸಿದರೆ ಹಿಂದಿನದು ಸಿಗುತ್ತದೆ. ಅದರಲ್ಲಿ ಏಳನೇ ಯಂತ್ರ ಮಧ್ಯಾಹ್ನವೆಲ್ಲ ತಡೆಯಿಲ್ಲದೆ ನಡೆಯಿತು. ಅದೇ ಕಾರ್ಡು, ಅದೇ ತಂತಿ, ಬೇರೆ ಡ್ರೈವರ್. ಕಾರ್ಡು ಸತ್ತಿದೆ ಎಂಬ ಅಂಗಡಿಯ ತೀರ್ಪೂ ಬಿದ್ದುಹೋಯಿತು.

ಹಾಗಾದರೆ ಹೊಸ ಕರ್ನೆಲ್ಲಿನಲ್ಲಿ ಎಡವಟ್ಟು ಏನು? ಇಂಥಲ್ಲಿ ಸಾಮಾನ್ಯವಾಗಿ ಮೊದಲು ಅನುಮಾನಿಸುವುದು ವಿದ್ಯುತ್ ಉಳಿತಾಯವನ್ನು. ಕೆಲಸವಿಲ್ಲದಾಗ ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಕೊಂಡಿ ತೂಕಡಿಸಲಿ, ಬೇಕಾದಾಗ ಏಳಲಿ ಎಂಬ ಏರ್ಪಾಡು ಅದು. ಎಎಸ್‌ಪಿಎಂ ಎಂದು ಅದರ ಹೆಸರು. ಕೆಲವು ಬೋರ್ಡುಗಳಲ್ಲಿ ಕಾರ್ಡು ತೂಕಡಿಸುತ್ತದೆ, ಆದರೆ ಕರೆದಾಗ ಏಳುವುದಿಲ್ಲ. ಆರ್8169 ಡ್ರೈವರಿನಲ್ಲಿ ಈ ಏರ್ಪಾಡನ್ನು ಚಾಲೂ ಮಾಡುವುದು, ದೂರು ಬಂದರೆ ಕೆಲವು ಚಿಪ್ಪುಗಳಿಗೆ ತೆಗೆಯುವುದು ಹಲವು ಸಲ ನಡೆದಿದೆ. ಪರೀಕ್ಷಿಸುವುದು ಸುಲಭ. ಶುರುವಿನ ಪಟ್ಟಿಯಲ್ಲಿ ಇ ಅಕ್ಷರ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿ ‘ಪಿಸಿಐಇ, ಕೆಳಗೆರೆ, ಎಎಸ್‌ಪಿಎಂ, ಸಮಚಿಹ್ನೆ, ಆಫ್’ ಎಂದು ನಡುವೆ ಜಾಗವಿಲ್ಲದೆ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಸೇರಿಸಿ ಎಫ್10 ಒತ್ತಬೇಕು. ಇದು ಆ ಒಂದು ಸಲಕ್ಕೆ ಮಾತ್ರ. ತಪ್ಪಾದರೆ ಮತ್ತೆ ಹಚ್ಚಿದಾಗ ಎಲ್ಲ ಮೊದಲಿನಂತೆ. ಗುಣ ಕಂಡರೆ ಮಾತ್ರ ಶಾಶ್ವತ ಮಾಡಿಕೊಳ್ಳಬಹುದು. ಏಳನೇ ಯಂತ್ರಕ್ಕೆ ಬೇಕಾದದ್ದು ಇಷ್ಟೇ.

ಎಲ್ಲ ಯಂತ್ರಕ್ಕೂ ಇದೇ ಮದ್ದಲ್ಲ. ಕೊರಟಗೆರೆಯ ಕಡೆಯ ಒಂದು ಶಾಲೆಯಲ್ಲಿ ಒಂದೇ ಯಂತ್ರದಲ್ಲಿ ವಿಂಡೋಸೂ ಉಬುಂಟುವೂ ಇವೆ ಎನ್ನಿ. ವಿಂಡೋಸಿನಿಂದ ಹೊರಬಂದು ಉಬುಂಟುವಿಗೆ ಹೋದಾಗ ಮಾತ್ರ ಕಾರ್ಡು ಮಾಯ. ವಿಂಡೋಸ್ ಮುಚ್ಚುವಾಗ ಅದರ ಡ್ರೈವರ್ ಕಾರ್ಡನ್ನು ಗಾಢ ನಿದ್ರೆಗೆ ತಳ್ಳಿ ಹೋಗಿರುತ್ತದೆ. ಗೋಡೆಯ ಪ್ಲಗ್ಗನ್ನೇ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿದರೆ ಏಳುತ್ತದೆ. ಅಲ್ಲಿ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಏರ್ಪಾಡನ್ನು ತೆಗೆದು ನೋಡಬೇಕು.

ಯಾವುದಕ್ಕೂ ಬಗ್ಗದ ಕಾರ್ಡೂ ಇರುತ್ತದೆ. ಆಗ ಬೇರೆ ಕಂಪನಿಯ ಚಿಪ್ಪಿರುವ ಒಂದು ಸಾದಾ ಕಾರ್ಡನ್ನೋ ಯುಎಸ್‌ಬಿ ಅಡಾಪ್ಟರನ್ನೋ ತಂದು ಹಾಕುವುದರಲ್ಲಿ ಅವಮಾನವಿಲ್ಲ. ಪೂರ್ತಿ ಬೋರ್ಡು ಬದಲಾಯಿಸುವುದಕ್ಕಿಂತ ಅದು ಎಷ್ಟೋ ಅಗ್ಗ. ತಯಾರಕರ ತಾಣದಿಂದ ಬೇರೆ ಡ್ರೈವರ್ ಇಳಿಸಿ ಕೂರಿಸುವುದೂ ಒಂದು ದಾರಿ. ಆದರೆ ಅದು ಕರ್ನೆಲ್ಲಿನ ಜೊತೆ ಬಂದದ್ದಲ್ಲ. ಪ್ರತಿ ಅಪ್‌ಡೇಟಿನಲ್ಲೂ ಅದನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹೊಂದದೆ ಹೋದ ದಿನ ನೆಟ್ ಇಲ್ಲ. ಕೂರಿಸಿದವರು ವರ್ಗವಾಗಿ ಹೋಗಿದ್ದರೆ ಆಮೇಲೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ.

ಅನುಮಾನ ಒಬ್ಬರ ಮೇಲೆ, ತಪ್ಪು ಇನ್ನೊಬ್ಬರದು

ತೀರ್ಪಿಗೆ ಅವಸರ ಬೇಡ ಎನ್ನಲು 2008ರ ಒಂದು ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಲಿನಕ್ಸ್ ಕರ್ನೆಲ್ಲಿನ 2.6.27ನೇ ಆವೃತ್ತಿ ಇನ್ನೂ ಪರೀಕ್ಷೆಯಲ್ಲಿತ್ತು. ಅದನ್ನು ಹಾಕಿಕೊಂಡ ಕೆಲವರ ಯಂತ್ರಗಳಲ್ಲಿ ಇಂಟೆಲ್ ಕಂಪನಿಯ ನೆಟ್‌ವರ್ಕ್ ಕಾರ್ಡು ಸತ್ತೇ ಹೋಗತೊಡಗಿತು. ಕಾರ್ಡಿನೊಳಗಿನ ಶಾಶ್ವತ ಸ್ಮೃತಿಯಲ್ಲಿದ್ದ ಮಾಹಿತಿಯ ಮೇಲೆ ಯಾವುದೋ ಕಸ ಬರೆದುಹೋಗಿತ್ತು. ಯಂತ್ರವನ್ನು ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ.

ಎಲ್ಲರ ಬೆರಳೂ ಆ ಕಾರ್ಡಿನ ಡ್ರೈವರ್ ಇ1000ಇ ಕಡೆಗೆ ತಿರುಗಿತು. ಕಾರ್ಡನ್ನು ಮುಟ್ಟುವವನು ಅವನೊಬ್ಬನೇ ತಾನೆ? ಇಂಟೆಲ್ಲಿನ ಎಂಜಿನಿಯರುಗಳು ಆ ಸ್ಮೃತಿಗೆ ಬೀಗ ಹಾಕುವ ತಿದ್ದುಪಡಿ ಕೊಟ್ಟರು. ಆದರೂ ಬರೆದವರು ಯಾರು ಎಂಬುದು ಉಳಿದೇ ಇತ್ತು. ಅಕ್ಟೋಬರಿನಲ್ಲಿ ನಿಜ ಹೊರಬಿತ್ತು. ತಪ್ಪು ಡ್ರೈವರಿನದಲ್ಲ, ಎಫ್‌ಟ್ರೇಸ್ ಎಂಬ ಸಾಧನದ್ದು. ಕರ್ನೆಲ್ಲಿನೊಳಗೆ ಯಾವ ಕೆಲಸ ಯಾವಾಗ ನಡೆಯಿತು ಎಂದು ಹಿಂಬಾಲಿಸಿ, ದೋಷ ಪತ್ತೆಗೆ ನೆರವಾಗಲೆಂದೇ ಮಾಡಿದ ಸಾಧನ ಅದು! ಸ್ಮೃತಿಯ ಕೆಲವು ವಿಳಾಸಗಳನ್ನು ಅದು ಗುರುತು ಹಾಕಿಕೊಂಡು, ಆಮೇಲೆ ಹೋಗಿ ಅಲ್ಲಿ ತಿದ್ದುತ್ತಿತ್ತು. ಅಷ್ಟರಲ್ಲಿ ಆ ಜಾಗದ ಹಳೆಯ ಒಕ್ಕಲು ಖಾಲಿಯಾಗಿ, ಅದೇ ವಿಳಾಸಕ್ಕೆ ಇಂಟೆಲ್ ಕಾರ್ಡಿನ ಸ್ಮೃತಿ ಬಂದು ಸೇರಿರುತ್ತಿತ್ತು. ಹಳೆಯ ವಿಳಾಸಕ್ಕೆ ಹೋಗಿ ಹೊಸ ಒಕ್ಕಲಿನ ಗೋಡೆಗೆ ಗೀಚಿದಂತಾಯಿತು. 2.6.27 ಹೊರಬಂದ ಕೆಲವೇ ದಿನಗಳಲ್ಲಿ ಆ ಸಾಧನದ ಅಪಾಯದ ಭಾಗವನ್ನು ನಿಲ್ಲಿಸಿ 2.6.27.1 ಹೊರಡಿಸಲಾಯಿತು.

ಸತ್ತದ್ದು ಕಾರ್ಡು, ಹಿಡಿದದ್ದು ಡ್ರೈವರನ್ನು, ತಪ್ಪು ಮಾಡಿದ್ದು ಪತ್ತೇದಾರ. ಇದು ತಿಳಿದದ್ದಾದರೂ ಹೇಗೆ? ಬರೆದಿಟ್ಟ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದಾಗಿತ್ತು, ಎಲ್ಲೆಲ್ಲಿಯವರೋ ತಮ್ಮ ಯಂತ್ರದಲ್ಲಿ ಕಂಡದ್ದನ್ನು ಬರೆದು ಕಳಿಸಿದ್ದರು. ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಹೊರಗಿನವರು ಕಾಯುತ್ತ ಕೂರಬೇಕಿತ್ತು.

ಒಂದು ನೋಟ್‌ಬುಕ್ ಸಾಕು

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳಿಗೂ ಇದರಲ್ಲೊಂದು ಮಾತಿದೆ. ಪ್ರತಿ ಶಾಲೆಗೂ ತಂತ್ರಜ್ಞರನ್ನು ನೇಮಿಸುವುದು ಆಗದ ಮಾತು. ಆದರೆ ಪ್ರಯೋಗಾಲಯದ ಬಾಗಿಲ ಬಳಿ ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನು ದಾರದಲ್ಲಿ ಕಟ್ಟಿಡಲು ಯಾರ ಮಂಜೂರಾತಿಯೂ ಬೇಡ. ಯಾವ ತಾರೀಕು, ಯಾವ ಯಂತ್ರ, ಎಷ್ಟು ಹೊತ್ತಿಗೆ ಹೋಯಿತು, ಆಗ ದಿನಚರಿಯ ಕೊನೆಯ ಸಾಲು ಏನಿತ್ತು, ಏನನ್ನು ಬದಲಾಯಿಸಿದೆವು, ಆಮೇಲೆ ಏನಾಯಿತು, ಇಷ್ಟನ್ನು ಮಕ್ಕಳೇ ಬರೆಯಲಿ. ಅಂಗಡಿಯವನು ಬಂದಾಗ ‘ನೆಟ್ ಬರಲ್ಲ’ ಎನ್ನುವ ಬದಲು ಆ ಪುಟವನ್ನು ತೋರಿಸಲಿ. ಶಿಕ್ಷಕರಿಗೆ ವರ್ಗವಾದರೂ ನೋಟ್‌ಬುಕ್ಕಿಗೆ ವರ್ಗವಿಲ್ಲ. ಒಂದು ಶಾಲೆಯ ಪುಟ ಪಕ್ಕದ ಶಾಲೆಗೂ ಉಪಯೋಗ. ಒಂದೇ ಖರೀದಿಯಲ್ಲಿ ಬಂದ ಯಂತ್ರಗಳ ಹೊಟ್ಟೆಯಲ್ಲಿ ಬಹುಮಟ್ಟಿಗೆ ಒಂದೇ ಚಿಪ್ಪು ಇರುತ್ತದೆ.

ಪಠ್ಯಪುಸ್ತಕದಲ್ಲಿ ವೈಜ್ಞಾನಿಕ ವಿಧಾನವನ್ನು ನಾವು ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ ಎಂದು ಹಲಗೆಯ ಮೇಲೆ ಬರೆಸುತ್ತೇವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಏಳನೇ ನಂಬರಿನ ಯಂತ್ರದ ಮುಂದೆ ತಂತಿ ಬದಲಾಯಿಸಿ, ‘ಇಲ್ಲೇ ಕೂತ್ಕೊಂತು ಮಿಸ್, ತಂತಿಯದಲ್ಲ’ ಎಂದು ಕೂಗಿದ ಹುಡುಗಿಗೆ ಅದನ್ನು ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ. ಅವಳ ಅರ್ಜಿ ಸಮಯಕ್ಕೆ ಸರಿಯಾಗಿ ಹೋಗಿತ್ತು. ಮರುದಿನ ಅವಳೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಕು ಹಾಕಿ ಬರೆದಳು: ‘ಯಂತ್ರ 7. ಕಾರ್ಡು ಕೆಟ್ಟಿಲ್ಲ.’